ಮಾವ ಎಂಜಿನ್ ಬಂದ್ ಮಾಡಿದ ದಿನ

ಉತ್ತರದ ಹಿಮನಾಡಿನ ಯಾನಾ ನದಿ ಹೆಪ್ಪುಗಟ್ಟಿ ಅದರ ಮೇಲೆ ಲಾರಿಗಳು ಓಡಲು ಶುರುವಾದರೆ, ಮತ್ತೆ ಮಂಜುಗಡ್ಡೆ ಬಿರಿಯುವವರೆಗೆ ಪ್ರೊಕೋಪಿ ತನ್ನ ಲಾರಿಯ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಅವನೊಬ್ಬನೇ ಅಲ್ಲ, ಆ ದಾರಿಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಊಟಕ್ಕೆ ನಿಂತರೂ, ಸೀಟಿನಲ್ಲೇ ಕಾಲು ಚಾಚಿ ಮಲಗಿದರೂ, ಸರಕು ಇಳಿಸುವಾಗಲೂ ಎಂಜಿನ್ ಗುರುಗುಟ್ಟುತ್ತಲೇ ಇರಬೇಕು. ಜನವರಿಯ ಚಳಿಗೆ ಸಿಕ್ಕ ಎಂಜಿನ್ ಒಂದು ಊಟ ಮುಗಿಯುವಷ್ಟರಲ್ಲಿ ಕಲ್ಲಾಗುತ್ತದೆ. ಆಯಿಲ್ ಡಾಂಬರಿನಂತೆ ಗಟ್ಟಿಯಾಗುತ್ತದೆ, ಡೀಸೆಲ್ ಪೈಪಿನೊಳಗೆ ಮೇಣವಾಗಿ ಕೂರುತ್ತದೆ, ಬ್ಯಾಟರಿ ಸಾಯುತ್ತದೆ. ಆಮೇಲೆ ಒಳಗೆ ಕೂತವನ ಸರದಿ.

ಇದನ್ನು ಅಳಿಯ ಮಿಚಿಲನಿಗೆ ಪ್ರೊಕೋಪಿ ಮೊದಲ ದಿನವೇ ಹೇಳಿಕೊಟ್ಟಿದ್ದ. ಹೇಳಿಕೊಟ್ಟ ಎನ್ನುವುದಕ್ಕಿಂತ ಹಂಗಿಸಿದ ಎನ್ನಬೇಕು.

ಮಿಚಿಲ್ ಮನೆಅಳಿಯ. ತನ್ನ ಊರಿನ ಮನೆಗಳನ್ನೆಲ್ಲ ಬೆಚ್ಚಗಿಡುವ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸಕ್ಕಿದ್ದ. ಊರಿನವರು ಒಬ್ಬೊಬ್ಬರಾಗಿ ಗುಳೆ ಹೋಗಿ ಬಾಯ್ಲರ್ ಮನೆ ಮುಚ್ಚಿದ ಮೇಲೆ ಹೆಂಡತಿ ತುಯಾರಾಳ ತವರಿಗೆ ಬಂದು ನೆಲೆಸಿದ್ದ. ಅತ್ತೆ ತೀರಿಹೋಗಿದ್ದಳು. ಮನೆ ಮಾವನದು, ಲಾರಿ ಮಾವನದು, ತಟ್ಟೆಗೆ ಬೀಳುವ ಮಾಂಸವೂ ಮಾವನದು. ಊಟಕ್ಕೆ ಕೂತರೆ ಸಾಕು, ಪ್ರೊಕೋಪಿ ಶುರುಮಾಡುತ್ತಿದ್ದ.

"ಅಳಿಯದೇವ್ರಿಗೆ ಇನ್ನೊಂದು ತುಂಡು ಹಾಕಮ್ಮಾ. ಜೀವನವಿಡೀ ಒಲೆ ಊದಿ ಊದಿ ಸುಸ್ತಾಗಿದಾರೆ."

ತುಯಾರಾ ತಲೆ ಎತ್ತದೆ ಬಡಿಸುತ್ತಿದ್ದಳು. ಮಿಚಿಲ್ ಅದನ್ನೂ ತಿನ್ನುತ್ತಿದ್ದ.

ಅದಾದ ಮೇಲೆ ಅಯಾಲನ ಮಾತು ಬರುವುದು ಖಂಡಿತ. ಅಯಾಲ್ ಪ್ರೊಕೋಪಿಯ ಮಗ, ತುಯಾರಾಳ ಅಣ್ಣ. ಕೆಲವು ಚಳಿಗಾಲಗಳ ಹಿಂದೆ ಅಪ್ಪನ ಜೊತೆ ಇದೇ ಲಾರಿಯಲ್ಲಿ ಹೋದವನು ಬಲಗಾಲಿನ ಅರ್ಧ ಪಾದ ಕಳೆದುಕೊಂಡು ಬಂದಿದ್ದ. ಈಗ ದೂರದ ಪಟ್ಟಣದಲ್ಲಿ ಯಾವುದೋ ಗೋದಾಮಿನ ಕಾವಲುಗಾರ. ಮನೆಗೆ ಬರುತ್ತಿರಲಿಲ್ಲ.

"ನನ್ನ ಹೊಟ್ಟೇಲಿ ಹುಟ್ಟಿದೋನೇ ಹಂಗಾದ," ಎನ್ನುತ್ತಿದ್ದ ಪ್ರೊಕೋಪಿ. "ಒಂದು ಟ್ಯಾಂಕ್ ಡೀಸೆಲ್ ಮುಗಿದ ತಕ್ಷಣ ಇನ್ನೊಂದಕ್ಕೆ ಬದಲಾಯ್ಸು ಅಂತ ಹೇಳಿ ಮಲಗಿದ್ದೆ. ಅವನೂ ಗೊರಕೆ ಹೊಡ್ದ. ಎಂಜಿನ್ ಹೋಯ್ತು, ಕಾಲೂ ಹೋಯ್ತು. ಇನ್ನು ಒಲೆ ಊದೋರು ಏನು ಮಾಡ್ತಾರೋ ನೋಡ್ಬೇಕು."

ಅಪ್ಪ ಈ ಕತೆ ತೆಗೆದಾಗಲೆಲ್ಲ ತುಯಾರಾ ಏನೋ ನೆಪ ಮಾಡಿಕೊಂಡು ಹೊರಗೆ ಹೋಗುವುದನ್ನು ಮಿಚಿಲ್ ಗಮನಿಸಿದ್ದ. ಅಣ್ಣನ ಮೇಲಿನ ಮರುಕ ಇರಬೇಕು ಎಂದುಕೊಂಡಿದ್ದ.

ಅದು ಅವನು ಲಾರಿ ಹತ್ತಿದ ಎರಡನೇ ಚಳಿಗಾಲ. ಹಿಟ್ಟಿನ ಮೂಟೆ, ಬೆಣ್ಣೆಯ ಡಬ್ಬ, ಸೀಮೆಎಣ್ಣೆಯ ಡ್ರಮ್ಮು ಹೇರಿಕೊಂಡು ನದಿಯ ಕೆಳಗಿನ ಹಳ್ಳಿಗಳಿಗೆ ಹೊರಟಿದ್ದರು. ಘಾಟಿಯಲ್ಲಿ ಲಾರಿಯನ್ನು ಮಿಚಿಲನೇ ಇಳಿಸಿದ. ಬೆಳಗ್ಗೆ ಘಾಟಿಯ ಕೆಳಗಿನ ಕ್ಯಾಂಟೀನಿನಲ್ಲಿ ನಾಲ್ಕಾರು ಡ್ರೈವರುಗಳು ಹೆಪ್ಪುಗಟ್ಟಿದ ಮೀನನ್ನು ಚಾಕುವಿನಲ್ಲಿ ಹೆರೆದು ಉಪ್ಪು, ಮೆಣಸಿಗೆ ಅದ್ದಿ ತಿನ್ನುತ್ತಿದ್ದರು. ಅವರಲ್ಲಿ ಯಾಕೋವ್ ಪ್ರೊಕೋಪಿಯ ವಾರಗೆಯವನು. ದಪ್ಪ ಹೊಟ್ಟೆಯ, ದೊಡ್ಡ ಗಂಟಲಿನ ಮನುಷ್ಯ.

"ಏ ಪ್ರೊಕೋಪಿ, ನಿನ್ನ ಹಿಂದೇನೇ ಇಳಿತಿದ್ದೆ ನಾನು. ಲಾರಿ ಇವತ್ತು ಏನು ನಾಜೂಕಾಗಿ ಇಳೀತಪ್ಪಾ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಸ್ಟೇರಿಂಗ್ ಹಿಡಿದಿರೋನು ನಿನ್ನ ಅಳಿಯ!"

ಎಲ್ಲರೂ ನಕ್ಕರು. ಪ್ರೊಕೋಪಿಯೂ ನಕ್ಕ.

"ಇನ್ನು ನೀನು ಮನೇಲಿ ಕೂತ್ಕೊಂಡು ಮೊಮ್ಮಗನ್ನ ಆಡಿಸು," ಎಂದ ಯಾಕೋವ್. "ಲಾರಿಗೆ ಯಜಮಾನ ಸಿಕ್ಕಾಯ್ತು."

ಮಿಚಿಲನಿಗೆ ಒಳಗೊಳಗೇ ಖುಷಿಯಾಯಿತು. ಮುಚ್ಚಿಡಲು ಟೀ ಲೋಟಕ್ಕೆ ಮುಖ ಹಾಕಿದ. ಮಾವ ತನ್ನ ಪಾಲಿನ ಮೀನನ್ನು ಅರ್ಧಕ್ಕೇ ಬಿಟ್ಟು ಎದ್ದದ್ದನ್ನು ಮಾತ್ರ ನೋಡಿದ. ಪ್ರೊಕೋಪಿ ಊಟ ಬಿಟ್ಟೇಳುವವನಲ್ಲ.

"ನೀವು ಹೋಗ್ತಿರಿ, ಇನ್ನೊಂದು ಟೀ ಕುಡಿದು ಹಿಂದೇನೇ ಬರ್ತೀವಿ," ಎಂದ ಯಾಕೋವ್.

ಸ್ಟೇರಿಂಗ್ ಹಿಡಿದದ್ದು ಪ್ರೊಕೋಪಿ. ನದಿಯ ಮೇಲೆ ದಾರಿ ನೇರವಾಗಿತ್ತು, ಎರಡೂ ಬದಿಯಲ್ಲಿ ಹಿಮದ ದಿಬ್ಬ. ಚಳಿಯ ಮಬ್ಬಿನಲ್ಲಿ ದಡದ ಮರಗಳು ಕಂಡೂ ಕಾಣದಂತಿದ್ದವು. ಸೂರ್ಯ ಬೆಟ್ಟದ ಮೇಲೆ ಸ್ವಲ್ಪ ಮುಖ ತೋರಿಸುವ ಹೊತ್ತಿಗೆ ನದಿ ತಿರುಗುವ ಒಂದು ಕಡೆ, ದಡದಲ್ಲಿ ಒಣ ದಿಮ್ಮಿಗಳು ರಾಶಿ ಬಿದ್ದಿದ್ದಲ್ಲಿ, ಪ್ರೊಕೋಪಿ ಲಾರಿ ನಿಲ್ಲಿಸಿದ. ಕೈಗವಸು ಹಾಕಿಕೊಂಡ. ಟೋಪಿಯ ಕಿವಿ ಇಳಿಸಿ ಕಟ್ಟಿಕೊಂಡ. ಆಮೇಲೆ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದ.

ಮಿಚಿಲನಿಗೆ ಏನಾಯಿತೆಂದೇ ಒಂದು ಕ್ಷಣ ತಿಳಿಯಲಿಲ್ಲ. ಆ ಸದ್ದಿನಲ್ಲೇ ತಿಂಗಳುಗಟ್ಟಲೆ ಉಂಡು ಮಲಗಿದವನಿಗೆ ಕಿವಿಯೇ ಹೋಯಿತೇನೋ ಅನ್ನಿಸಿತು.

"ಮಾವ, ಏನ್ ಮಾಡಿದ್ರಿ?"

"ಇಳಿ."

"ಏನಾದ್ರೂ ಕೆಟ್ಟಿದ್ಯಾ?"

"ಏನೂ ಕೆಟ್ಟಿಲ್ಲ. ನೀನು ಡ್ರೈವರ್ ಆಗಿದೀಯಂತಲ್ಲ, ಯಾಕೋವ್ ಹೇಳ್ದ. ಸತ್ತ ಎಂಜಿನ್ನ ಒಬ್ಬನೇ ಎಬ್ಬಿಸಿದೋನು ಮಾತ್ರ ಈ ದಾರೀಲಿ ಡ್ರೈವರ್. ಇಳಿ ಕೆಳಗೆ."

"ಮಾವ, ತಮಾಷೆ ಬೇಡ. ಇಂಥಾ ಚಳೀಲಿ ಯಾರಾದ್ರೂ..."

"ಕೀಲಿ ನನ್ನ ಜೇಬಲ್ಲಿದೆ," ಎಂದು ಪ್ರೊಕೋಪಿ ಇಳಿದೇಬಿಟ್ಟ.

ದಡದಲ್ಲಿ ಅವನು ಬೆಂಕಿ ಹಾಕಿದ. ತುಯಾರಾ ಕಟ್ಟಿಕೊಟ್ಟ ದೋಸೆಯಂಥ ರೊಟ್ಟಿಯ ಒಂದು ಚೂರನ್ನು ಮೊದಲು ಬೆಂಕಿಯಜ್ಜನೆಂಬ ದೈವಕ್ಕೆ ಹಾಕಿ ಕಣ್ಣು ಮುಚ್ಚಿ ಏನೋ ಹೇಳಿಕೊಂಡ. ಆಮೇಲೆ ಡಬ್ಬದಲ್ಲಿ ಮಂಜುಗಡ್ಡೆ ಕರಗಿಸಿ ಟೀ ಇಟ್ಟ, ಜಿಂಕೆ ಚರ್ಮ ಹಾಸಿಕೊಂಡು ಕೂತು ಕುದುರೆ ಮಾಂಸವನ್ನು ಚಾಕುವಿನಲ್ಲಿ ತೆಳ್ಳಗೆ ಕತ್ತರಿಸಿ ತಿನ್ನತೊಡಗಿದ. ಮಿಚಿಲ್ ಲಾರಿಯ ಹತ್ತಿರ ಹೋದರೆ, "ಈಗಲ್ಲ. ಇನ್ನೂ ಬೆಚ್ಚಗಿದೆ ಅದು. ಪೂರ್ತಿ ಸಾಯ್ಲಿ," ಎಂದ.

ಲಾರಿ ಟಕ್ ಟಕ್ ಎಂದು ಕಬ್ಬಿಣ ಕುಗ್ಗುವ ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಬಾನೆಟ್ಟಿನ ಮೇಲೆ ಬಿಳಿ ಪುಡಿ ಕೂತಿತು. ಮಿಚಿಲ್ ಕಾಲು ಕುಟ್ಟುತ್ತ ಬೆಂಕಿಯ ಹತ್ತಿರ ನಿಂತಿದ್ದ. ಮಾವ ಅವನಿಗೆ ಟೀ ಕೊಡಲಿಲ್ಲ.

"ಯಾಕೋವ್ ಬಂದ್ರೆ ಏನಂತಾನೆ?" ಎಂದು ಕೇಳಿದ ಮಿಚಿಲ್.

"ಬರ್ಲಿ ಅಂತಾನೇ ಕಾಯ್ತಿದೀನಿ. ನಿನ್ನ ನಾಜೂಕು ಅವನೂ ನೋಡ್ಲಿ."

ಆಗ ಮಿಚಿಲನಿಗೆ ಅರ್ಥವಾಯಿತು. ಡ್ರೈವರುಗಳೆಲ್ಲ ಬಂದು, ಎಂಜಿನ್ನಿನ ಮುಂದೆ ಮಂಡಿಯೂರಿದ ಅಳಿಯನನ್ನು ನೋಡಿ ನಗಬೇಕು. ಆಮೇಲೆ ಯಾಕೋವನ ಲಾರಿಯಿಂದ ಎಳೆಸಿಯೋ, ಬಿಸಿ ಗಾಳಿ ಬಿಡಿಸಿಯೋ ಎಂಜಿನ್ ಎಬ್ಬಿಸಿಕೊಂಡು ಹೋಗಬೇಕು. ಅಷ್ಟಕ್ಕೇ ಈ ಆಟ. ಅವನಿಗೆ ಸಿಟ್ಟು ಬಂತು, ಜೊತೆಗೆ ಸಮಾಧಾನವೂ ಆಯಿತು. ಅವಮಾನದಿಂದ ಯಾರೂ ಸಾಯುವುದಿಲ್ಲವಲ್ಲ.

ಕೊನೆಗೆ ಪ್ರೊಕೋಪಿ ಕೀಲಿಯನ್ನು ಹಿಮದ ಮೇಲೆ ಎಸೆದ. "ಎತ್ಕೋ. ಈಗ ಮಾಡು."

ಮಿಚಿಲ್ ಕೀಲಿ ತಿರುಗಿಸಿದ. ಸ್ಟಾರ್ಟರ್ ಒಮ್ಮೆ ನರಳಿತು, ಅಷ್ಟೇ. ಮತ್ತೆ ತಿರುಗಿಸಲಿಲ್ಲ, ಬ್ಯಾಟರಿಯಲ್ಲಿ ಉಳಿದದ್ದನ್ನು ಉಳಿಸಿಕೊಳ್ಳಬೇಕಿತ್ತು. ರೇಡಿಯೋ ಮುಟ್ಟುವ ಹಾಗೂ ಇಲ್ಲ, ಅದೂ ಅದೇ ಬ್ಯಾಟರಿಯದು. ಬ್ಯಾಟರಿಗಳನ್ನು ಬಿಚ್ಚಿ ಹೊತ್ತು ತಂದು ಬೆಂಕಿಯ ಪಕ್ಕದ ಹಲಗೆಯ ಮೇಲಿಟ್ಟ. ಬಾನೆಟ್ಟಿನಿಂದ ನೆಲದವರೆಗೆ ಟಾರ್ಪಾಲು ಇಳಿಬಿಟ್ಟು ಗುಡಾರದ ಹಾಗೆ ಮಾಡಿದ. ತಗಡಿನ ತಟ್ಟೆಯಲ್ಲಿ ಕೆಂಡ ತುಂಬಿ ಎಂಜಿನ್ನಿನ ಹೊಟ್ಟೆಯ ಕೆಳಗೆ ತಳ್ಳಿದ. ಬೆಂಕಿಯ ಕೆಲಸ ಅವನಿಗೆ ಹೊಸದಲ್ಲ.

ಪ್ರೊಕೋಪಿ ಎದ್ದು ಬಂದು ಬಗ್ಗಿ ನೋಡಿದ. ತಟ್ಟೆಯನ್ನು ಬೂಟಿನಿಂದ ಒದ್ದು ಹೊರಗೆ ತಳ್ಳಿದ. ಕೆಂಡಗಳು ಹಿಮದಲ್ಲಿ ಚುಸ್ಸೆಂದವು.

"ಇದೇನು ನಿನ್ನ ಬಾಯ್ಲರ್ ಅಂದ್ಕೊಂಡ್ಯಾ? ಲಾರಿ ಸುಟ್ಟುಹಾಕ್ತೀಯಾ? ಮತ್ತೆ ಹಾಕು, ಕಮ್ಮಿ ಹಾಕು."

ಮಿಚಿಲ್ ಮತ್ತೆ ಕೆಂಡ ತುಂಬಿದ. ಅದನ್ನೂ ಮಾವ ಒದ್ದ. "ಇಷ್ಟರಲ್ಲಿ ಬೀಡಿ ಹಚ್ಕೋಬಹುದು, ಅಷ್ಟೇ."

"ಬ್ಲೋಲ್ಯಾಂಪ್ ಇದೆಯಲ್ಲ ಮಾವ. ಅದನ್ನಾದ್ರೂ ಹಚ್ಲಾ?"

"ನಮ್ಮ ಕಾಲದಲ್ಲಿ ಇರ್ಲಿಲ್ಲ ಅದೆಲ್ಲ. ಕೈಯಿದೆ, ಕಟ್ಟಿಗೆಯಿದೆ. ಮಾಡು."

ಹಾಗೇ ಹೊತ್ತು ಹೋಯಿತು. ಸೂರ್ಯ ಬೆಟ್ಟದ ಅಂಚಿಗೆ ಜಾರಿದ. ಯಾಕೋವ್ ಬರಲಿಲ್ಲ. ಬರುವ ದಿಕ್ಕಿನಲ್ಲಿ ಎಂಜಿನ್ನಿನ ಸದ್ದೂ ಇಲ್ಲ. ಪ್ರೊಕೋಪಿ ಮೊದಮೊದಲು ಕೂತಲ್ಲಿಂದಲೇ ಕತ್ತು ತಿರುಗಿಸಿ ನೋಡುತ್ತಿದ್ದ. ಆಮೇಲೆ ಎದ್ದು ನಿಂತು ನೋಡಿದ. ಆಮೇಲೆ ದಾರಿಯ ಮಧ್ಯಕ್ಕೆ ಹೋಗಿ ಟೋಪಿಯ ಕಿವಿ ಎತ್ತಿ ಆಲಿಸಿದ. ಹಿಂತಿರುಗಿ ಬಂದಾಗ ಅವನ ಬಾಯಲ್ಲಿ ಹಂಗಿಸುವ ಮಾತು ನಿಂತಿತ್ತು. ಮಾವನಿಗೆ ಹೆದರಿಕೆಯಾಗಿದೆ ಎಂದು ಮಿಚಿಲನಿಗೆ ಗೊತ್ತಾಯಿತು.

"ಸರಿ, ಆಚೆ ಹೋಗು," ಎಂದ ಪ್ರೊಕೋಪಿ. "ನಿನ್ನ ಕೈಲಿ ಆಗಲ್ಲ. ಬ್ಲೋಲ್ಯಾಂಪ್ ತೆಗಿ."

ಪೆಟ್ರೋಲ್ ಉರಿಸಿ ಜ್ವಾಲೆ ಉಗುಳುವ ಆ ಬ್ಲೋಲ್ಯಾಂಪಿನ ಪಂಪು ಗಾಳಿ ಹಿಡಿಯಲಿಲ್ಲ. ಒಳಗಿನ ಚರ್ಮದ ಬಿಲ್ಲೆ ಚಳಿಗೆ ಸೆಟೆದುಹೋಗಿತ್ತು. ಪ್ರೊಕೋಪಿ ಬೈಯುತ್ತ ಕೈಗವಸು ಕಳಚಿ ಎಸೆದು, ಬರಿಗೈಯಲ್ಲಿ ಪಂಪು ಬಿಚ್ಚಲು ಕೂತ.

"ಮಾವ, ಕೈಗವಸು ಹಾಕ್ಕೊಳ್ಳಿ."

"ನೀನು ನನಗೆ ಹೇಳ್ಕೊಡ್ತೀಯಾ?"

ಮುಚ್ಚಳ ಒಮ್ಮೆಲೇ ಕಿತ್ತುಬಂತು. ಒಳಗಿದ್ದ ಪೆಟ್ರೋಲ್ ಎರಡೂ ಕೈಗಳ ಮೇಲೆ ಸುರಿಯಿತು. ಪೆಟ್ರೋಲ್ ಎಂಥ ಚಳಿಯಲ್ಲೂ ನೀರಿನಂತೆ ಹರಿಯುತ್ತದೆ, ಆ ಚಳಿಯನ್ನೆಲ್ಲ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಪ್ರೊಕೋಪಿ ಕೂಗಲೂ ಇಲ್ಲ. ಬೆರಳುಗಳನ್ನು ನೋಡುತ್ತ ಒಂದು ಗಳಿಗೆ ಕೂತ. ಆಮೇಲೆ ಎದ್ದು ಎರಡೂ ಕೈ ಮುಂದೆ ಚಾಚಿಕೊಂಡು ಬೆಂಕಿಯ ಕಡೆ ಓಡಿದ.

"ಮಾವಾ! ಪೆಟ್ರೋಲ್!"

ಮಿಚಿಲ್ ಹಿಂದಿನಿಂದ ಹಾರಿ ಅವನನ್ನು ಬೀಳಿಸಿದ. ಇಬ್ಬರೂ ಹಿಮದಲ್ಲಿ ಉರುಳಿದರು. ಮುದುಕ ಒದ್ದಾಡಿದ, ಕಚ್ಚಲು ಬಂದ. ಮಿಚಿಲ್ ಅವನ ಎದೆಯ ಮೇಲೆ ಕೂತು ಟವೆಲಿನಿಂದ ಕೈ ಒರೆಸಿದ. ಬೆರಳುಗಳು ಅಷ್ಟರಲ್ಲೇ ಮೇಣದ ಬತ್ತಿಯಂತೆ ಬೆಳ್ಳಗಾಗಿದ್ದವು. ಮುಟ್ಟಿದರೆ ಮರ.

ಬೇರೇನೂ ತೋಚದೆ ಮಿಚಿಲ್ ತನ್ನ ಕೋಟು, ಸ್ವೆಟರು, ಅಂಗಿ ಎತ್ತಿ ಆ ಕೈಗಳನ್ನು ತನ್ನ ಬರಿ ಹೊಟ್ಟೆಗೆ ಒತ್ತಿಕೊಂಡ. ಉಸಿರು ನಿಂತಂತಾಯಿತು. ಹಾಗೇ ಇಬ್ಬರೂ ಬೆಂಕಿಯ ಮುಂದೆ ಎದುರುಬದುರು ಕೂತಿದ್ದರು, ಮುದುಕನ ಹಣೆ ಅವನ ಭುಜಕ್ಕೆ ತಾಗುವಂತೆ. ಅಷ್ಟು ಹತ್ತಿರ ಅವರು ಎಂದೂ ಕೂತವರಲ್ಲ.

"ಕೈಲಾಗದೋನೇ," ಎಂದ ಪ್ರೊಕೋಪಿ ಹಲ್ಲು ಕಚ್ಚಿಕೊಂಡು. "ಅಯಾಲ್ ಆಗಿದ್ರೆ ಇಷ್ಟು ಹೊತ್ತಿಗೆ ಎಬ್ಬಿಸಿರ್ತಿದ್ದ. ಕಾಲು ಸೆಟೆದುಹೋದ್ರೂ ಒಬ್ಬನೇ ಎಬ್ಬಿಸ್ದ ಅವನು. ನಾನು ಕೈ ಕೂಡ ಹಾಕ್ಲಿಲ್ಲ."

ಆ ಮಾತು ಮಿಚಿಲನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ನೀವು ಕೈ ಹಾಕ್ಲಿಲ್ವಾ? ನೋಡ್ತಾ ಕೂತಿದ್ರಾ?"

ಪ್ರೊಕೋಪಿ ಬೆಂಕಿಯ ಕಡೆ ಮುಖ ತಿರುಗಿಸಿದ.

"ಅವನು ನಿದ್ದೆ ಮಾಡಿರ್ಲಿಲ್ಲ, ಅಲ್ವಾ ಮಾವ? ಅವತ್ತೂ ನೀವೇ ಬಂದ್ ಮಾಡಿದ್ದು."

"ಗಂಡಸಾಗ್ಲಿ ಅಂತ ಮಾಡ್ದೆ," ಎಂದ ಮುದುಕ. "ನನ್ನನ್ನೂ ಹಂಗೇ ಮಾಡಿದ್ರು. ನಾನೇನು ಯಾರ ಹತ್ರಾನೂ ಅತ್ಕೊಂಡು ಹೋಗ್ಲಿಲ್ಲ."

ಮಿಚಿಲ್ ಆ ಕೈಗಳನ್ನು ಹೊಟ್ಟೆಯಿಂದ ತೆಗೆಯಬೇಕೆಂದುಕೊಂಡ. ತೆಗೆಯಲಿಲ್ಲ. ಇನ್ನಷ್ಟು ಹೊತ್ತು ಇಟ್ಟುಕೊಂಡ. ಆಮೇಲೆ ಅವಕ್ಕೆ ಒಣ ಬಟ್ಟೆ ಸುತ್ತಿ, ಮಾವನನ್ನು ಜಿಂಕೆ ಚರ್ಮದಲ್ಲಿ ಮುಚ್ಚಿ ಕೂರಿಸಿ, ಎದ್ದ.

ಈಗ ಒದೆಯುವವರು ಯಾರೂ ಇರಲಿಲ್ಲ. ಸ್ಟೆಪ್ನಿ ಟೈರನ್ನು ಇಳಿಸಿ ಅದಕ್ಕೇ ಬೆಂಕಿ ಕೊಟ್ಟ, ಕರಿ ಹೊಗೆ ಕಂಬದಂತೆ ಮೇಲೇರಿತು. ಲಾರಿಯ ಪಕ್ಕದ ಹಲಗೆಗಳನ್ನು ಕೊಡಲಿಯಿಂದ ಒಡೆದು ಕೆಂಡ ಮಾಡಿ ಎಂಜಿನ್ನಿನ ಕೆಳಗೆ ತುಂಬಿದ. ಆಯಿಲ್ ಮೆತ್ತಗಾಗಿ ಹನಿಯತೊಡಗಿದಾಗ ಅದನ್ನು ಬಕೆಟ್ಟಿಗೆ ಇಳಿಸಿ, ಹೊಗೆಯಾಡುವವರೆಗೆ ಕಾಯಿಸಿದ. ಡೀಸೆಲ್ ಪೈಪಿಗೆ ಚಿಂದಿ ಸುತ್ತಿ ಕುದಿಯುವ ನೀರು ಹೊಯ್ದ, ಫಿಲ್ಟರ್ ಬಿಚ್ಚಿ ಬೆಂಕಿಯ ಹತ್ತಿರ ಹಿಡಿದು ಮೇಣ ಕರಗಿಸಿದ. ಒಂದು ಸ್ಪ್ಯಾನರ್ ಕೈಯಲ್ಲೇ ಮುರಿಯಿತು. ಕೆನ್ನೆಯ ಚರ್ಮ ಬಂಪರಿಗೆ ತಾಗಿ ಅಲ್ಲೇ ಉಳಿಯಿತು. ಕತ್ತಲಾಗಿತ್ತು. ಬೆಂಕಿಯ ಬೆಳಕಿನಲ್ಲಿ ಬ್ಯಾಟರಿ ಹೊತ್ತು ತಂದು ಕೂರಿಸಿದ, ಬಿಸಿ ಆಯಿಲನ್ನು ಮತ್ತೆ ಎಂಜಿನ್ನಿಗೆ ಹೊಯ್ದ, ಓಡಿಹೋಗಿ ಕೀಲಿ ತಿರುಗಿಸಿದ.

ಎಂಜಿನ್ ನರಳಿತು. ಅರ್ಧ ಸುತ್ತು ತಿರುಗಿತು. ನಿಂತಿತು. ಅವನು ಉಸಿರು ಬಿಗಿಹಿಡಿದು ಕಾದ. ಮತ್ತೆ ತಿರುಗಿಸಿದ. ಒಂದು ಕಡೆ ಕೆಮ್ಮಿತು, ಇನ್ನೊಂದು ಕಡೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಇಡೀ ಲಾರಿ ಜ್ವರ ಬಂದಂತೆ ನಡುಗಿತು. ಆಮೇಲೆ ಹಿಡಿದುಕೊಂಡಿತು.

ಮಿಚಿಲ್ ಸ್ಟೇರಿಂಗಿಗೆ ತಲೆ ಇಟ್ಟು ಬಿಕ್ಕಿದ. ಅಳು ಮುಗಿಸಿ, ಕೆಳಗಿಳಿದು, ಮಾವನನ್ನು ಎತ್ತಿ ತಂದು ಪಕ್ಕದ ಸೀಟಿನಲ್ಲಿ ಕೂರಿಸಿದ.

ಕ್ಯಾಬಿನ್ ಬೆಚ್ಚಗಾಗುತ್ತ ಹೋದಂತೆ ಪ್ರೊಕೋಪಿಯ ಕೈಗಳಿಗೆ ಜೀವ ಬರತೊಡಗಿತು. ಜೀವ ಬರುವಾಗಲೇ ನೋವು. ಮುದುಕ ಮೊದಲು ಮುಲುಕಿದ, ಆಮೇಲೆ ನಾಚಿಕೆ ಬಿಟ್ಟು ಕೂಗಿದ. ಬೆರಳುಗಳು ಕೆಂಪಗೆ ಊದಿಕೊಂಡವು. ಲಾರಿ ಹೊರಟು ಸ್ವಲ್ಪ ದೂರ ಬಂದಾಗ ರೇಡಿಯೋದಲ್ಲಿ ಯಾಕೋವನ ಗಂಟಲು ಕೇಳಿಸಿತು.

"ಪ್ರೊಕೋಪಿ! ಎಲ್ಲಿ ಸತ್ತೆಯೋ? ಇಲ್ಲಿ ಮಂಜುಗಡ್ಡೆ ಮೇಲೆ ನೀರು ಉಕ್ಕಿಬಿಟ್ಟಿದೆ. ಬೆಳಗ್ಗಿಂದ ಸಿಕ್ಕಾಕ್ಕೊಂಡಿದ್ವಿ, ಈಗ ಬಿಡಿಸ್ಕೊಂಡ್ವಿ. ದೂರದಲ್ಲಿ ಕರಿ ಹೊಗೆ ಕಾಣಿಸ್ತು, ನಿಮ್ದೇನಾ?"

ಪ್ರೊಕೋಪಿ ಕೈ ಚಾಚಿದ, ಆದರೆ ಹಿಡಿಯಲಾಗಲಿಲ್ಲ. "ಹಿಡ್ಕೋ," ಎಂದ ಅಳಿಯನಿಗೆ. ಮಿಚಿಲ್ ಮೈಕನ್ನು ಅವನ ಬಾಯಿಗೆ ಹಿಡಿದ, ಗುಂಡಿ ಒತ್ತಿದ.

"ನಮ್ದೇ ಯಾಕೋವ್," ಎಂದ ಪ್ರೊಕೋಪಿ. "ಅಳಿಯದೇವ್ರು ಟ್ಯಾಂಕ್ ಬದಲಾಯ್ಸದೆ ನಿದ್ದೆ ಹೊಡೆದ್ರು. ಎಂಜಿನ್ ಹೋಯ್ತು. ಎಬ್ಬಿಸೋಕೆ ಹೋಗಿ ನನ್ನ ಕೈ ಹೋಯ್ತು."

ಗುಂಡಿ ಬಿಟ್ಟದ್ದೇ ರೇಡಿಯೋದಲ್ಲಿ ಯಾರೋ ನಕ್ಕರು. "ನಾಜೂಕಿನ ಅಳಿಯ!" ಎಂದ ಇನ್ನೊಬ್ಬ. ಯಾಕೋವ್, "ಛೆ ಛೆ, ಇವನೂ ಹಂಗೇ ಆದ್ನಾ," ಎಂದ.

ಮಿಚಿಲ್ ಮೈಕನ್ನು ಅಲ್ಲೇ ಹಿಡಿದುಕೊಂಡಿದ್ದ. ಲಾರಿಯನ್ನು ದಾರಿಯ ಪಕ್ಕಕ್ಕೆ ನಿಲ್ಲಿಸಿದ. ಎಂಜಿನ್ ಬಂದ್ ಮಾಡಿದ.

"ಏಯ್!" ಎಂದ ಪ್ರೊಕೋಪಿ.

ಮಿಚಿಲ್ ಮಾವನ ಮೇಲಿಂದ ಬಗ್ಗಿ ಅವನ ಬದಿಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ. ಚಳಿ ಹೊಗೆಯಂತೆ ಒಳಗೆ ನುಗ್ಗಿತು.

"ಬಿಸಿ ಇರೋವರೆಗೂ ಎಂಜಿನ್ ಎದ್ದೇಳುತ್ತೆ," ಎಂದ. ಅವನ ದನಿ ಅವನಿಗೇ ಗುರುತು ಸಿಗದಷ್ಟು ಮೆಲ್ಲಗಿತ್ತು. "ಅಷ್ಟರೊಳಗೆ ಹೇಳ್ಬಿಡಿ. ಇವತ್ತಿಂದು, ಅಯಾಲಂದು. ಎರಡೂ."

ಪ್ರೊಕೋಪಿ ಬೈದ. ಹುಟ್ಟಿದ ಜಾತಕವನ್ನೆಲ್ಲ ಹಿಡಿದು ಬೈದ. ಮನೆಯಿಂದ ಆಚೆ ಹಾಕುತ್ತೇನೆಂದ. ಹಸಿಯಾಗಿದ್ದ ಬೆರಳುಗಳಿಗೆ ಗಾಳಿ ತಾಗುತ್ತಿದ್ದಂತೆ ಬೈಗುಳ ತೊದಲಾಯಿತು. "ಗಾಜು ಏರ್ಸೋ, ಉರೀತಿದೆ ಕಣೋ," ಎಂದ. "ಏರ್ಸಪ್ಪಾ," ಎಂದ. ಕೈಗಳನ್ನು ಕಂಕುಳಿಗೆ ಸೇರಿಸಿಕೊಳ್ಳಲು ನೋಡಿದ, ಊದಿದ ಬೆರಳು ಕೋಟಿನೊಳಗೆ ತೂರಲಿಲ್ಲ. ಕೊನೆಗೆ, "ಕೊಡು, ಹೇಳ್ತೀನಿ," ಎಂದ.

ಮಿಚಿಲ್ ಗುಂಡಿ ಒತ್ತಿ ಹಿಡಿದ.

"ಯಾಕೋವ್... ನಾನೇ ಬಂದ್ ಮಾಡಿದ್ದು. ಅಳಿಯ ನಿದ್ದೆ ಮಾಡಿರ್ಲಿಲ್ಲ. ಅಯಾಲೂ ಮಾಡಿರ್ಲಿಲ್ಲ. ಅವತ್ತೂ ನಾನೇ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಿಚಿಲ್, "ಸರಿಯಾಗಿ ಕೇಳಿಸ್ಲಿಲ್ಲ ಮಾವ, ಇನ್ನೊಂದ್ಸಲ ಹೇಳಿ," ಎಂದ. ಮುದುಕ ಇನ್ನೊಮ್ಮೆ ಹೇಳಿದ. "ಮಗನ ಹೆಸರು ಹೇಳ್ವಾಗ ದನಿ ಬರ್ತಾ ಇಲ್ಲ. ಇನ್ನೊಂದ್ಸಲ." ಪ್ರೊಕೋಪಿ ಅಳುತ್ತ ಮತ್ತೊಮ್ಮೆ ಹೇಳಿದ. ಹಸಿದವನಿಗೆ ಬಿಸಿ ಅನ್ನ ಸಿಕ್ಕಂತೆ ಮಿಚಿಲನ ಮೈಯೆಲ್ಲ ಹಾಯೆನಿಸಿತ್ತು. ಮಾವನ ಬೆರಳುಗಳ ಕೆಂಪು ಇಳಿದು ಮತ್ತೆ ಬೆಳ್ಳಗಾಗುತ್ತಿರುವುದು ಡ್ಯಾಶ್‌ಬೋರ್ಡಿನ ಬೆಳಕಿನಲ್ಲಿ ಅವನಿಗೆ ಕಾಣಿಸುತ್ತಿತ್ತು. ಕಾಣಿಸಿಯೂ ಅವನು ಗಾಜು ಏರಿಸಲಿಲ್ಲ.

"ಕೇಳಿಸ್ತು ಬಿಡೋ," ಎಂದಿತು ಕೊನೆಗೆ ಯಾಕೋವನ ದನಿ. "ಮೊದಲ್ನೇ ಸಲಕ್ಕೇ ಕೇಳಿಸ್ತು. ನಿಮ್ಮ ಎಂಜಿನ್ ಸದ್ದೇ ಇಲ್ಲ, ಹಾಕು ಅದನ್ನ."

ಮಿಚಿಲ್ ಬೆಚ್ಚಿಬಿದ್ದವನಂತೆ ಗಾಜು ಏರಿಸಿ ಕೀಲಿ ತಿರುಗಿಸಿದ. ಎಂಜಿನ್ ಸ್ವಲ್ಪ ಹಿಂದೆಮುಂದೆ ನೋಡಿ ಎದ್ದಿತು. ಎಲ್ಲೂ ನಿಲ್ಲಿಸದೆ ಲಾರಿಯನ್ನು ಆಸ್ಪತ್ರೆ ಇದ್ದ ಊರಿಗೆ ಮುಟ್ಟಿಸಿದ.

ಡಾಕ್ಟರಮ್ಮ ಬಟ್ಟೆ ಬಿಚ್ಚಿ ನೋಡಿ ಮುಖ ಗಂಟಿಕ್ಕಿದಳು. "ಬಿಸಿಯಾದ ಮೇಲೆ ಮತ್ತೆ ಹೆಪ್ಪುಗಟ್ಟಿತ್ತಾ?" ಎಂದು ಮಿಚಿಲನನ್ನೇ ಕೇಳಿದಳು.

"ಇಲ್ಲ," ಎಂದ ಪ್ರೊಕೋಪಿ ಗೋಡೆಯ ಕಡೆ ಮುಖ ಮಾಡಿಕೊಂಡು.

"ಆಗಿದೆ," ಎಂದಳು ಡಾಕ್ಟರಮ್ಮ. "ಒಂದೇ ಸಲ ಆಗಿದ್ರೆ ತುದಿಗಳಷ್ಟೇ ಹೋಗ್ತಿತ್ತು. ಎರಡನೇ ಸಲ ಯಾಕೆ ಬಿಟ್ರಿ?"

ಎರಡೂ ಕೈಯ ಬೆರಳುಗಳನ್ನೆಲ್ಲ ತೆಗೆದರು. ಎಡಗೈಯಲ್ಲಿ ಹೆಬ್ಬೆರಳಿನ ಮೋಟು ಉಳಿಯಿತು.

ಮಿಚಿಲ್ ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಡ್ರೈವರುಗಳ ಹೆಂಡಂದಿರು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ತುಯಾರಾ ಅವನಿಗೆ ಟೀ ಕೊಟ್ಟಳು, ಕೆನ್ನೆಯ ಗಾಯಕ್ಕೆ ಕೊಬ್ಬು ಹಚ್ಚಿದಳು. ಆಸ್ಪತ್ರೆಗೆ ಹೋಗಿ ಅಪ್ಪನನ್ನು ನೋಡಿ ಬಂದ ಮೇಲೆ ಮಾತ್ರ ಅವನ ಎದುರು ಬಂದು ನಿಂತಳು.

"ಅಣ್ಣನ ವಿಷಯ ನನಗೆ ಗೊತ್ತಿತ್ತು," ಎಂದಳು. "ಅವತ್ತೇ ಹೇಳಿದ್ದ. ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ನೀನು ಹೇಳ್ಸಿದ್ದು ಸರಿ, ಅದನ್ನ ನಾನು ಹೇಳಿಸ್ಬೇಕಿತ್ತು. ಆದ್ರೆ ಗಾಜು ಯಾಕೆ ಇಳಿಸ್ದೆ?"

"ಇಲ್ದಿದ್ರೆ ಹೇಳ್ತಿರ್ಲಿಲ್ಲ ಅವರು."

"ಒಂದ್ಸಲ ಹೇಳಿದ ಮೇಲೂ ಇಳಿಸೇ ಇದ್ಯಲ್ಲ, ಅದು ಯಾಕೆ?"

ಮಿಚಿಲನಲ್ಲಿ ಉತ್ತರ ಇತ್ತು, ಆದರೆ ಹೆಂಡತಿಗೆ ಹೇಳುವಂಥದ್ದಲ್ಲ. ಆ ದಿನದಿಂದ ತುಯಾರಾ ಮಗುವನ್ನು ಕರೆದುಕೊಂಡು ಒಳಕೋಣೆಯಲ್ಲಿ ಮಲಗತೊಡಗಿದಳು.

ಅಯಾಲ್ ಫೋನ್ ಮಾಡಿದ. ಮಿಚಿಲ್ ಅವನ ದನಿ ಕೇಳಿದ್ದು ಅದೇ ಮೊದಲು. ಅಯಾಲ್ ಕೃತಜ್ಞತೆ ಹೇಳಬಹುದು ಎಂದು ಅವನಿಗೆ ಒಳಗೆಲ್ಲೋ ಆಸೆಯಿತ್ತು.

"ಕೇಳ್ದೆ," ಎಂದ ಅಯಾಲ್. "ಕೈ ಎಷ್ಟು ಹೋಯ್ತು?"

"ಬೆರಳೆಲ್ಲ."

"ನಂದು ಅರ್ಧ ಪಾದ ಅಷ್ಟೇ ಭಾವ," ಎಂದ ಅಯಾಲ್. ಫೋನ್ ಇಟ್ಟ. ಮತ್ತೆ ಮಾಡಲಿಲ್ಲ. ಅಪ್ಪನನ್ನು ನೋಡಲೂ ಬರಲಿಲ್ಲ.

ಚಳಿಗಾಲ ಮುಗಿಯುವವರೆಗೆ ಮಿಚಿಲ್ ಒಬ್ಬನೇ ಲಾರಿ ಓಡಿಸಿದ. ದಾರಿಯಲ್ಲಿ ಡ್ರೈವರುಗಳು ಅವನಿಗೆ ಜಾಗ ಬಿಡುತ್ತಿದ್ದರು, ಕೇಳಿದರೆ ಡೀಸೆಲ್ ಕೊಡುತ್ತಿದ್ದರು. ಕ್ಯಾಂಟೀನಿನಲ್ಲಿ ಮಾತ್ರ ಅವನು ಕೂತ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ಯಾಕೋವ್ ದೂರದಿಂದಲೇ ತಲೆ ಆಡಿಸಿ ತಟ್ಟೆಗೆ ಬಗ್ಗುತ್ತಿದ್ದ.

ಮಾರ್ಚಿನ ಒಂದು ಮಧ್ಯಾಹ್ನ ಅವನು ಸುತ್ತು ಮುಗಿಸಿ ಮನೆಗೆ ಬಂದಾಗ ತುಯಾರಾ ಅಪ್ಪನಿಗೆ ಊಟ ಮಾಡಿಸುತ್ತಿದ್ದಳು. ಪ್ರೊಕೋಪಿ ಮೊಂಡುಗೈಗಳನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದು ಕೂತಿದ್ದ. ಅಳಿಯನನ್ನು ಕಂಡು ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಬನ್ನಿ," ಎಂದ. ಅವನು ಈಗ ಅಳಿಯನಿಗೆ ಬಹುವಚನದಲ್ಲೇ ಮಾತಾಡುತ್ತಿದ್ದ. ಅದರಲ್ಲಿ ವ್ಯಂಗ್ಯ ಇರಲಿಲ್ಲ. "ದಾರಿ ಹೆಂಗಿದೆ?"

"ದಾರಿ ಚೆನ್ನಾಗಿದೆ," ಎಂದ ಮಿಚಿಲ್ ಬೂಟು ಕಳಚುತ್ತ. "ನೀವು ಮೊದ್ಲು ನೆಟ್ಟಗೆ ಉಣ್ಣಿ ಮಾವ. ಸಾರೆಲ್ಲ ಗಡ್ಡಕ್ಕೇ ಉಣಿಸ್ತಿದೀರಿ. ಜೀವನವಿಡೀ ಲಾರಿ ಓಡಿಸಿ ಓಡಿಸಿ ಸುಸ್ತಾಗಿದೆ ಪಾಪ."

ಹೇಳಿದ ಮೇಲೆ ಅವನಿಗೆ ಕೇಳಿಸಿತು, ಅದು ಯಾರ ಮಾತಿನ ಧಾಟಿ ಎಂದು. ಪ್ರೊಕೋಪಿ ನಗಲು ನೋಡಿದ. ತುಯಾರಾ ಚಮಚವನ್ನು ತಟ್ಟೆಯಲ್ಲಿಟ್ಟು ಎದ್ದಳು. ತಟ್ಟೆಯನ್ನು ಗಂಡನ ಮುಂದೆ ತಳ್ಳಿದಳು.

"ಇವತ್ತಿಂದ ನೀನೇ ತಿನ್ನಿಸು," ಎಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಮನೆಯಲ್ಲಿ ಅವರಿಬ್ಬರೇ ಉಳಿದರು. ಮಿಚಿಲ್ ಮಾವನ ಎದುರು ಕೂತು ಚಮಚ ತುಂಬಿದ. ತುಯಾರಾ ಊದಿ ಊದಿ ತಿನ್ನಿಸುತ್ತಿದ್ದ ಸಾರು, ಹಬೆ ಮುಖಕ್ಕೆ ಬಡಿಯುತ್ತಿತ್ತು. ಊದಬೇಕೆಂದು ಅವನಿಗೆ ಗೊತ್ತಿತ್ತು. ಮುದುಕ ಅವನ ಕಣ್ಣನ್ನೇ ನೋಡುತ್ತ ಬಾಯಿ ತೆರೆದ. ಮಿಚಿಲ್ ಊದದೆ ಚಮಚವನ್ನು ಒಳಗಿಟ್ಟ. ಪ್ರೊಕೋಪಿಯ ಕಣ್ಣಲ್ಲಿ ನೀರು ಬಂತು, ಕತ್ತಿನ ನರ ಉಬ್ಬಿತು. ಉಗುಳಲಿಲ್ಲ, ನುಂಗಿದ. ನುಂಗಿ, ಏನೂ ಅನ್ನದೆ, ಮತ್ತೆ ಬಾಯಿ ತೆರೆದ.